ಎಡಗಾಲಿನ ಕೆಲಸ

ಮನೆಗೆ ಕಾರು ಒಂದೇ, ಅದಕ್ಕೆ ಯಜಮಾನರು ಇಬ್ಬರು. ವಾರದ ದಿನಗಳಲ್ಲಿ ಅದು ಅಪ್ಪನ ಕೈಯಲ್ಲಿ: ಮಾರುಕಟ್ಟೆ, ಗ್ಯಾಸ್ ಸಿಲಿಂಡರು, ಔಷಧಿ ಅಂಗಡಿ, ಬೀದಿಯಲ್ಲಿ ಯಾರಿಗಾದರೂ ಮೈ ಹುಷಾರಿಲ್ಲ ಎಂದರೆ ಆಸ್ಪತ್ರೆ. ಭಾನುವಾರ ಅದು ಮಗನದು, ಊರಾಚೆಯ ಗುಡ್ಡದ ರಸ್ತೆಗೆ. ಅಪ್ಪ ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸು ಹೋದರೂ ಹೆಸರು ಹೋಗಿರಲಿಲ್ಲ. ಬೀದಿಯವರಿಗೆ ಅವರು ಈಗಲೂ ಡ್ರೈವರು, ಮನೆಯೊಳಗೂ ತಮಾಷೆಗೆ ಅದೇ ಹೆಸರು. ಆ ತಮಾಷೆಯನ್ನು ಅವರು ಬಿರುದಿನ ಹಾಗೆ ಹೊತ್ತುಕೊಂಡಿದ್ದರು.

ಮಗ ಲೇಥ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎರಡು ವರ್ಷದಿಂದ ಆ ಪುಟ್ಟ ಕಾರಿನ ಎಂಜಿನ್ನಿಗೆ ಒಂದಲ್ಲ ಒಂದು ಮಾಡುತ್ತಲೇ ಇದ್ದ. ಟರ್ಬೋ ಒತ್ತಡ ಏರಿಸಿದ, ಗಾಳಿಯ ಕೊಳವೆ ದಪ್ಪ ಮಾಡಿದ, ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಬರೆಸಿದ. ಎಂಜಿನ್ನು ಹುಚ್ಚು ಕುದುರೆಯಾಯಿತು. ಅದರ ಶಕ್ತಿಯನ್ನು ಚಕ್ರಕ್ಕೆ ದಾಟಿಸುವ ಕ್ಲಚ್ಚು ಮಾತ್ರ ಹಳೆಯದೇ ಉಳಿಯಿತು. ಗುಡ್ಡ ಹತ್ತುವಾಗ ಎಂಜಿನ್ನು ಕಿರುಚುತ್ತಿತ್ತು, ಕಾರು ತನ್ನ ಪಾಡಿಗೆ ತಾನು ಇರುತ್ತಿತ್ತು. ಆಮೇಲೆ ಅಂಗಳವೆಲ್ಲ ಇಸ್ತ್ರಿಗೆ ಸಿಕ್ಕಿ ಸುಟ್ಟ ಬಟ್ಟೆಯ ವಾಸನೆ.

"ಕ್ಲಚ್ ಅಂದ್ರೆ ಇಷ್ಟೇ ಅತ್ತೆ," ಎಂದು ಅಳಿಯ ಒಂದು ಸಂಜೆ ಊಟದ ಮೇಜಿನ ಮೇಲೆ ಎರಡು ತಟ್ಟೆ ಎತ್ತಿ ನಡುವೆ ಬ್ರೆಡ್ಡಿನ ಹೋಳು ಇಟ್ಟು ಒತ್ತಿ ಹಿಡಿದ. "ಈ ತಟ್ಟೆ ಎಂಜಿನ್ನು. ಬ್ರೆಡ್ಡು ಗೇರ್‌ಬಾಕ್ಸಿಗೆ ಹೋಗುತ್ತೆ. ಗಟ್ಟಿ ಒತ್ತಿದ್ರೆ ಮೂರೂ ಒಟ್ಟಿಗೆ ತಿರುಗುತ್ತೆ. ಒತ್ತು ಸಾಲದಿದ್ರೆ ಬ್ರೆಡ್ಡು ಜಾರುತ್ತೆ. ಪೆಡಲ್ ತುಳಿದಾಗ ಒತ್ತು ಬಿಡಿಸ್ತೀವಿ, ಅಷ್ಟೇ."

"ತೊಳೆದಿಟ್ಟ ತಟ್ಟೆ ಅದು," ಎಂದಳು ಮಗಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಹೊದಿಕೆ ಒಗೆದು ಬಂದು, ಮನೆಯ ಪಾತ್ರೆಯನ್ನೂ ಆಕೆಯೇ ತೊಳೆಯುತ್ತಿದ್ದಳು. ಮದುವೆಯಾದ ಮೇಲೂ ಗಂಡ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಇದ್ದರು. ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು.

ಹೊಸ ಕ್ಲಚ್ಚು ಯಾವುದು ಎಂಬುದೇ ಆ ವಾರದ ಜಗಳ. ಕಂಪನಿಯದ್ದೇ ಹಾಕಿದರೆ ಪೆಡಲ್ ಹಗುರ, ಆದರೆ ತಿಂಗಳಲ್ಲಿ ಮತ್ತೆ ಜಾರುತ್ತದೆ ಎಂದ ಅಳಿಯ. ಸೆರಾಮಿಕ್ ತುಂಡುಗಳದ್ದು ಕಚ್ಚಿದರೆ ಬಿಡುವುದಿಲ್ಲ, ಆದರೆ ಅದಕ್ಕೆ ನಯ ಗೊತ್ತಿಲ್ಲ. ಮಾರುಕಟ್ಟೆ ರಸ್ತೆಯಲ್ಲಿ ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಮೂರನೆಯದು, ಬ್ರೆಡ್ಡಿನ ಜಾಗದ ಡಿಸ್ಕಿಗೆ ಮಾಮೂಲಿ ಲೈನಿಂಗು, ಅದನ್ನು ಒತ್ತಲು ಗಟ್ಟಿ ಸ್ಪ್ರಿಂಗಿನ ತಟ್ಟೆ. ನಯವಾಗಿ ಹಿಡಿಯುತ್ತದೆ, ಜಾರುವುದಿಲ್ಲ. ಪೆಡಲ್ ಮಾತ್ರ ಹೆಚ್ಚುಕಮ್ಮಿ ಎರಡರಷ್ಟು ಭಾರ. ಎಂಜಿನ್ನಿನ ಶಕ್ತಿ ಸ್ವಲ್ಪ ಇಳಿಸಿ ಕಂಪನಿಯದ್ದೇ ಹಾಕಿಬಿಡೋಣ ಎಂದೂ ಅವನು ಮೆಲ್ಲಗೆ ಸೇರಿಸಿದ.

ಮಗ ಬೇಡವೆಂದು ತಲೆಯಾಡಿಸಿದ. ಮುಂದಿನ ತಿಂಗಳು ಗುಡ್ಡದ ಪಂದ್ಯ. ಒಂದು ದೊಡ್ಡ ಗ್ಯಾರೇಜಿನ ಧಣಿ ತನ್ನ ತಂಡಕ್ಕೆ ಒಬ್ಬನನ್ನು ಆರಿಸಲು ಬರುವವನಿದ್ದ. ಲೇಥಿನ ಮುಂದೆ ನಿಂತು ನಿಂತು ಮುದುಕನಾಗಲು ಮಗನಿಗೆ ಮನಸ್ಸಿರಲಿಲ್ಲ.

"ಮೂರನೇದೇ ಸರಿ ಭಾವ. ಆದ್ರೆ ಅಪ್ಪನ ಮೊಣಕಾಲು..."

"ಮೊಣಕಾಲಿಗೆ ಏನಾಗಿದೆ?" ಡ್ರೈವರು ತಟ್ಟೆಯಿಂದ ತಲೆ ಎತ್ತಿದರು. "ನಲವತ್ತು ಜನ ಕೂತ ಬಸ್ಸಿನ ಕ್ಲಚ್ ತುಳಿದ ಕಾಲು ಇದು. ನಿಮ್ಮ ಬೆಂಕಿಪೊಟ್ಟಣಕ್ಕೆ ಹೆದರುತ್ತಾ? ಗಟ್ಟಿದೇ ತನ್ನಿ."

ಅಮ್ಮ ಆಲೂಗಡ್ಡೆ ಬಡಿಸುತ್ತಿದ್ದಳು. ಸೌಟು ಕ್ಷಣ ಹೊತ್ತು ನಿಂತು ಮತ್ತೆ ಹೊರಟಿತು. ಮೂಳೆ ಡಾಕ್ಟರ ಮುಂದೆ ಅವರ ಪಕ್ಕದಲ್ಲಿ ಕೂತಿದ್ದವಳು ಆಕೆ ಒಬ್ಬಳೇ. ಎಡಮೊಣಕಾಲಿನ ಸಂದು ಸವೆದು ಮೂಳೆಗೆ ಮೂಳೆ ತಾಗುತ್ತಿದೆ, ಕ್ಲಚ್ ಇರುವ ಗಾಡಿ ಇನ್ನು ಬೇಡ ಎಂದಿದ್ದರು ಡಾಕ್ಟರು. ಮೆಟ್ಟಿಲಿಳಿಯುವಾಗ ಡ್ರೈವರು ಹೇಳಿದ್ದು ಒಂದೇ ಮಾತು: "ಮನೇಲಿ ಬಾಯಿ ಬಿಡ್ಬೇಡ."

ಬಿಟ್ಟಿರಲಿಲ್ಲ.

ಕ್ಲಚ್ಚು ಕೂರಿಸಿದ್ದು ಅಂಗಳದ ತಗಡಿನ ಮಾಡಿನಡಿ. ಮಗ, ಅಳಿಯ ಇಬ್ಬರೂ ಸೇರಿ ಗೇರ್‌ಬಾಕ್ಸನ್ನು ಕೆಳಗಿಳಿಸಿ, ಹಳೆಯ ತಟ್ಟೆ ಬಿಚ್ಚಿದರು. ಎಂಜಿನ್ನಿನ ಕಡೆಯ ತಟ್ಟೆಯಾದ ಫ್ಲೈವೀಲನ್ನು ಮಗ ಕಾರ್ಖಾನೆಗೆ ಒಯ್ದು ಉಜ್ಜಿಸಿ ತಂದ. ಅದರ ಮುಖದ ಮೇಲೆ ಹೊಸ ಗೆರೆಗಳು ಬಾಚಿದ ಕೂದಲಿನಂತೆ ಸಾಲಾಗಿ ಕಾಣುತ್ತಿದ್ದವು. ಲೈನಿಂಗನ್ನು ಮುಟ್ಟುವ ಮೊದಲು ಅಳಿಯ ಮೊಣಕೈವರೆಗೆ ಸೋಪು ಹಚ್ಚಿ ತೊಳೆದ. ಒಂದು ಬೆರಳಿನ ಗ್ರೀಸು ಸಾಕು, ಇಡೀ ಕ್ಲಚ್ಚು ಹಾಳು ಎಂದ. ಅಮ್ಮ ಚಹಾ ತಂದಾಗ ಲೋಟ ಮುಟ್ಟಲೂ ಒಪ್ಪಲಿಲ್ಲ.

"ನೀವೇ ಕುಡಿಸಿಬಿಡಿ ಅತ್ತೆ. ಈ ಕೈ ಈಗ ಆಪರೇಷನ್ ಥಿಯೇಟರಲ್ಲಿದೆ."

ಆಕೆ ನಗುತ್ತ ಅವನ ತುಟಿಗೆ ಲೋಟ ಹಿಡಿದಳು. ಅವನು ಡಿಸ್ಕನ್ನು ನಡುವಿಗೆ ಸರಿಯಾಗಿ ಹೊಂದಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಹೋದ. ಆತುರದವರಿಗೆ ಈ ಕೆಲಸ ಆಗದು ಎನ್ನಿಸಿತು ಆಕೆಗೆ.

ಕೊನೆಗೆ ಉಳಿದದ್ದು ಪೈಪಿನ ಗಾಳಿ ತೆಗೆಯುವುದು. ಪೆಡಲಿನ ಒತ್ತಡ ಎಣ್ಣೆಯ ಪೈಪಿನ ಮೂಲಕ ಕ್ಲಚ್ಚಿಗೆ ಹೋಗುತ್ತದೆ. ಪೈಪಿನಲ್ಲಿ ಗಾಳಿ ಉಳಿದರೆ ತುಳಿದದ್ದೆಲ್ಲ ಹುಸಿ. ಒಬ್ಬರು ಸೀಟಿನಲ್ಲಿ ಕೂತು ತುಳಿದು ಹಿಡಿಯಬೇಕು, ಕೆಳಗಿದ್ದವನು ಪೈಪಿನ ಮೂತಿ ತೆರೆದು ಮುಚ್ಚಬೇಕು. ಮಗಳು ಕೂತಳು. "ತುಳಿ." "ತುಳಿದೆ." "ಹಿಡ್ಕೊ... ಬಿಡು." ಗಾಳಿ ಹೋದ ಹಾಗೆಲ್ಲ ಪೆಡಲು ಗಟ್ಟಿಯಾಗುತ್ತ ಬಂತು. ಮಗಳು ಎರಡೂ ಕಾಲು ಸೇರಿಸಿ ತುಳಿಯುತ್ತ, ಇದಕ್ಕಿಂತ ಲಾಂಡ್ರಿಯೇ ವಾಸಿ ಎಂದು ನಕ್ಕಳು. ಡ್ರೈವರು ಅಂಗಳದ ಆ ತುದಿಯಲ್ಲಿ ನೀರಿನ ಪೈಪು ಸುತ್ತುತ್ತ ನಿಂತಿದ್ದರು. ಸುತ್ತಿಟ್ಟಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

ಕೈ ಒರೆಸಿಕೊಂಡ ಅಳಿಯ ಎಲ್ಲರಿಗೂ ಕೇಳುವಂತೆ ಹೇಳಿದ: ಮೊದಲ ಐನೂರು ಕಿಲೋಮೀಟರು ಊರೊಳಗೆ, ಮೆತ್ತಗೆ. ಅಲ್ಲಿಯವರೆಗೆ ಎಂಜಿನ್ನಿನ ಪೂರ್ತಿ ಶಕ್ತಿ ಕೇಳುವ ಹಾಗಿಲ್ಲ.

"ನನಗೆ ಅಷ್ಟು ತಾಳ್ಮೆ ಎಲ್ಲಿದೆ," ಎಂದ ಮಗ. "ಅಪ್ಪಾ, ನೀನೇ ಮಾಡ್ಬೇಕು. ನಿನ್ನಷ್ಟು ನಯವಾಗಿ ಗೇರ್ ಹಾಕೋರು ಇಲ್ಲ."

ಮಗನ ಬಾಯಲ್ಲಿ ಇಂಥ ಮಾತು ಬಂದು ಯಾವ ಕಾಲವಾಗಿತ್ತೋ. ಡ್ರೈವರು ಬೀಗದ ಕೈಗೆ ಅಂಗೈ ಚಾಚಿದರು.

ಮೊದಲ ದಿನ ಅವರು ಒಬ್ಬರೇ ಮಾರುಕಟ್ಟೆ ರಸ್ತೆಗೆ ಹೋದರು. ಸಿಗ್ನಲ್ಲಿಗೊಮ್ಮೆ, ತಳ್ಳುಗಾಡಿಗೊಮ್ಮೆ, ಅಡ್ಡ ಬಂದ ಸೈಕಲ್ಲಿಗೊಮ್ಮೆ ತುಳಿದರು. ಮನೆಗೆ ಬಂದಾಗ ಮುಖ ಬೂದಿಯ ಬಣ್ಣ. ಬಾಗಿಲ ಮೆಟ್ಟಿಲು ಹತ್ತಲಾರದೆ ಚೌಕಟ್ಟು ಹಿಡಿದು ನಿಂತರು. ಮಕ್ಕಳು ಕೆಲಸಕ್ಕೆ ಹೋಗಿದ್ದದ್ದು ಪುಣ್ಯ. ಅಮ್ಮ ಮೊಣಕಾಲಿಗೆ ಐಸು ಕಟ್ಟಿದಳು. ಬೇಡ ಎಂದುಬಿಡಿ ಎಂದಳು. ಅವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು.

ಮರುದಿನ ಅವರೇ ಕರೆದರು. "ಬಾರೇ, ನಿನಗೂ ಗಾಳಿ ಆದ ಹಾಗೆ ಆಗುತ್ತೆ." ಆಕೆ ಪಕ್ಕದ ಸೀಟಿನಲ್ಲಿ ಕೂತಳು. ಹೊರಡುವಾಗ ಅವರು ತುಳಿದ ಪೆಡಲು ಅರ್ಧಕ್ಕೇ ನಿಂತಿತು. "ಸ್ವಲ್ಪ ಮೊಣಕಾಲು ಒತ್ತು," ಎಂದರು. ಆಕೆ ಬಲಗೈ ಚಾಚಿ ಅವರ ಎಡಮೊಣಕಾಲಿನ ಮೇಲೆ ಭಾರ ಬಿಟ್ಟಳು. ಪೆಡಲು ಇಳಿಯಿತು, ಗೇರು ಬಿತ್ತು, ಕಾರು ಗೇಟು ದಾಟಿತು.

ಊರೊಳಗೆ ತಿರುಗಲಿಲ್ಲ. ಗೋದಾಮುಗಳ ಆಚೆಯ ವರ್ತುಲ ರಸ್ತೆಗೆ ಬಂದರು. ಅಲ್ಲಿ ಸಿಗ್ನಲ್ಲಿಲ್ಲ, ಜನರಿಲ್ಲ. ಆಮೇಲೆ ಆಕೆ ಕಂಡದ್ದು ಒಂದು ಚಮತ್ಕಾರ. ಅವರ ಎಡಗಾಲು ಮಲಗಿದ ಬೆಕ್ಕಿನ ಹಾಗೆ ತೆಪ್ಪಗಿತ್ತು, ಕೈ ಗೇರು ಬದಲಿಸುತ್ತಲೇ ಇತ್ತು. ಎಂಜಿನ್ನಿನ ಸದ್ದು ಇಳಿಯುವುದನ್ನು ಕಿವಿಗೊಟ್ಟು ಕೇಳುವರು, ಒಂದು ಕ್ಷಣ ಕಾಯುವರು, ಎರಡು ಬೆರಳಿನಲ್ಲಿ ಗೇರಿನ ಗುಂಡನ್ನು ಸರಿಸುವರು. ಒಂದು ಚೂರು ಕರಕರ ಇಲ್ಲ.

"ಕ್ಲಚ್ ತುಳಿಯೋದೇ ಬೇಡ್ವಾ?"

"ವೇಗಕ್ಕೆ ವೇಗ ಕೂಡಿದ್ರೆ ಗೇರು ತಾನಾಗೇ ಬೀಳುತ್ತೆ ಕಣೇ. ಘಾಟಿಯಲ್ಲಿ ಕ್ಲಚ್ಚು ಕೈಕೊಟ್ರೆ ಹಿಂಗೇ ಡಿಪೋ ಮುಟ್ಟಿಸ್ತಿದ್ವಿ. ಈಗಿನ ಹುಡುಗರಿಗೆ ಹೇಳಿದ್ರೆ ನಂಬಲ್ಲ."

ಆ ಎರಡು ಮೂರು ವಾರ ದಿನಾ ಇದೇ ನಡೆಯಿತು. ಹೊರಡಲು ಒಮ್ಮೆ, ಮರಳುವಾಗ ಗೇಟಿನ ಬಳಿ ಒಮ್ಮೆ ಆಕೆ ಮೊಣಕಾಲು ಒತ್ತುವಳು. ನಡುವೆ ಕ್ಲಚ್ಚಿನ ಗೊಡವೆಯೇ ಇಲ್ಲ. ಸಿಮೆಂಟ್ ಗೋದಾಮಿನ ಗೋಡೆಯ ನೆರಳಿನಲ್ಲಿ, ಕ್ಲಚ್ಚಿಲ್ಲದೆ ಮತ್ತೆ ಹೊರಡಲು ಇಳಿಜಾರು ನೋಡಿ ಕಾರು ನಿಲ್ಲಿಸಿ, ಕಿತ್ತಳೆ ಸುಲಿದು ತಿನ್ನುವರು. ಮದುವೆಯಾದ ಹೊಸದರಲ್ಲೂ ಇವರು ನನ್ನನ್ನು ಹೀಗೆ ಸುತ್ತಿಸಿರಲಿಲ್ಲ, ಬಸ್ಸಿನ ಡ್ಯೂಟಿಯೇ ಆಯಿತು ಎಂದುಕೊಂಡಳು ಆಕೆ. ಇದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಅವರಿಗೂ ಕಂಡಿರಲಿಲ್ಲ. ಹೇಳಿದ್ದು ಐನೂರು ಕಿಲೋಮೀಟರು, ಓಡುತ್ತಿರುವುದು ಕಿಲೋಮೀಟರೇ, ಮೆತ್ತಗೆ ಅಂದರೆ ಇದಕ್ಕಿಂತ ಮೆತ್ತಗೆ ಇನ್ಯಾರು ಓಡಿಸಿಯಾರು.

ಪಂದ್ಯದ ದಿನ ಕಾರು ಲಾರಿಯ ಮೇಲೆ ಮನೆಗೆ ಬಂತು. ಮಗ ಲಾರಿಯ ಮುಂದಿನ ಸೀಟಿನಲ್ಲಿ, ಅಳಿಯ ಹಿಂದೆ ಸ್ಕೂಟರಿನಲ್ಲಿ. ಗುಡ್ಡದ ಎರಡನೇ ತಿರುವಿನಲ್ಲೇ ಕ್ಲಚ್ಚು ಜಾರಿತ್ತು. ಹೊಗೆ ಎದ್ದು, ಎಂಜಿನ್ನು ಬೊಬ್ಬೆ ಹೊಡೆಯುತ್ತ, ಕಾರು ಎಲ್ಲರ ಕಣ್ಣೆದುರು ಹಿಂದಕ್ಕೆ ಉರುಳಿ ಮಣ್ಣಿನ ದಿಬ್ಬಕ್ಕೆ ಒರಗಿತಂತೆ. ಗ್ಯಾರೇಜಿನ ಧಣಿ ಬೇರೊಬ್ಬನ ಕೈ ಕುಲುಕಿ ಹೊರಟುಹೋದನಂತೆ.

ಅವತ್ತು ಸಂಜೆ ಊಟಕ್ಕೆ ಎಲ್ಲರೂ ಕೂತರು, ಯಾರೂ ಉಣ್ಣಲಿಲ್ಲ.

"ಗ್ರೀಸ್ ತಾಗಿಸಿದ್ದೀಯ ಭಾವ. ಅಲ್ಲೇ ಎಲ್ಲರಿಗೂ ಹೇಳಿದೀನಿ ನಾನು, ಯಾರು ಕೂರಿಸಿದ್ದು ಅಂತ."

"ಗ್ರೀಸ್ ಅಲ್ಲ," ಎಂದ ಅಳಿಯ. ಅವನ ದನಿ ಏರಲಿಲ್ಲ. "ಅದು ಕೂತೇ ಇಲ್ಲ." ಮತ್ತೆ ಎರಡು ತಟ್ಟೆ ಎತ್ತಿದ, ನಡುವೆ ಬ್ರೆಡ್ಡು ಇಟ್ಟ. ಕಣ್ಣಿಗೆ ಎಷ್ಟು ನುಣುಪು ಕಂಡರೂ ಹೊಸ ಮುಖಗಳು ಅಲ್ಲೊಂದು ಇಲ್ಲೊಂದು ಉಬ್ಬಿನಲ್ಲಷ್ಟೇ ತಾಗುತ್ತವೆ ಎಂದ. ಪ್ರತಿ ಸಲ ಪೆಡಲು ತುಳಿದು ಬಿಡುವಾಗ ಸ್ವಲ್ಪ ಉಜ್ಜುತ್ತದೆ, ಸ್ವಲ್ಪ ಸವೆಯುತ್ತದೆ. ಊರೊಳಗೆ ನೂರಾರು ಸಲ ಹಾಗೆ ಆದ ಮೇಲೆ ಮುಖಕ್ಕೆ ಮುಖ ಪೂರ್ತಿ ಹೊಂದುತ್ತದೆ. ಹೊಂದುವ ಮೊದಲೇ ಪೂರ್ತಿ ಶಕ್ತಿ ಹಾಕಿದರೆ ಜಾರಿ, ಕಾದು, ಗಾಜಿನಂತಾಗುತ್ತದೆ. "ಕಿಲೋಮೀಟರ್ ಅನ್ನೋದು ಲೆಕ್ಕಕ್ಕೆ. ಕೆಲಸ ಮಾಡೋದು ತುಳಿದು ಬಿಡೋದು."

ಅಮ್ಮನ ಕೈಯಲ್ಲಿ ನೀರಿನ ಜಗ್ಗು ಇತ್ತು. ಆಕೆ ಅದನ್ನು ಕೆಳಗಿಡಲಿಲ್ಲ. ಮಲಗಿದ ಬೆಕ್ಕಿನಂಥ ಎಡಗಾಲು ಆಕೆಯ ಕಣ್ಣ ಮುಂದೆ ಬಂತು.

ಅಳಿಯ ಮಾವನ ಕಡೆ ತಿರುಗಿದ. "ಊರೊಳಗೇ ಓಡಿಸಿದ್ರಲ್ವಾ ಮಾವ?"

ಡ್ರೈವರು ಬ್ರೆಡ್ಡನ್ನು ನೋಡುತ್ತಿದ್ದರು. ಅವರಿಗೂ ಆಗ ತಾನೇ ಅರ್ಥವಾದದ್ದು ಹೆಂಡತಿಗೆ ಕಾಣುತ್ತಿತ್ತು.

"ಮತ್ತೆಲ್ಲಿ ಓಡಿಸ್ಲಿ," ಎಂದರು.

ಮಗ ಎದ್ದು ನಿಂತ. ತಪ್ಪು ಮಾಡಿ ಅಪ್ಪನ ತಲೆಗೆ ಕಟ್ಟುತ್ತೀಯಾ ಎಂದ. ಬಿಟ್ಟಿ ಕೋಣೆಯಲ್ಲಿ ಇರುವವರಿಗೆ ಇಷ್ಟು ಬಾಯಿ ಇರಬಾರದು ಎಂದ. ಆ ಮಾತು ಬಿದ್ದ ಮೇಲೆ ಮಗಳು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು, ಒಲೆಯ ಪಕ್ಕಕ್ಕಿಟ್ಟಳು. ಮೊದಲ ಸಲ ತೊಳೆಯದೆ ಬಿಟ್ಟಳು.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಊಟಕ್ಕೆ ಎರಡು ಪಂಕ್ತಿ, ಬೇರೆ ಬೇರೆ ಹೊತ್ತಿಗೆ. ಮಗನ ಮಾತು ಊರ ಗ್ಯಾರೇಜುಗಳಿಗೆಲ್ಲ ಹಬ್ಬಿತು. ಅಳಿಯನ ಹತ್ತಿರ ಕಾರು ರಿಪೇರಿಗೆ ಬಿಟ್ಟಿದ್ದ ಇಬ್ಬರು ಅದನ್ನು ವಾಪಸು ಒಯ್ದರು. ಅವನ ಧಣಿ ಅವನನ್ನು ಎಂಜಿನ್ ಕೆಲಸದಿಂದ ತೆಗೆದು ಚಕ್ರದ ಪಂಕ್ಚರಿಗೆ ಹಾಕಿದ.

ಅಮ್ಮ ಸೊಪ್ಪು ಬಿಡಿಸುತ್ತ ಗಂಡನ ಬೆನ್ನು ಹತ್ತಿದಳು. "ಒಂದು ಮಾತು ಹೇಳಿಬಿಡ್ರೀ. ಗೊತ್ತಿಲ್ಲದೆ ಆಯ್ತು ಅಂತ."

"ಹೇಳಿದ ಗಳಿಗೇಲೆ ಬೀಗದ ಕೈ ನಿನ್ನ ಮಗನ ಜೇಬಿಗೆ ಹೋಗುತ್ತೆ. ಆಮೇಲೆ ನಾನು ಈ ಮನೇಲಿ ಏನು? ಬೆಳಗ್ಗೆ ಎದ್ದು ಕುರ್ಚಿ ಹುಡುಕೋನು."

"ಮಗಳ ಸಂಸಾರ?"

"ಇವತ್ತಲ್ಲ ನಾಳೆ ಬೇರೆ ಹೋಗೋರೇ ಅವರು."

ಅವರು ಹೋದದ್ದು ಆ ವಾರವೇ. ಬಾಡಿಗೆಯ ಸಣ್ಣ ಗಾಡಿಗೆ ಹಾಸಿಗೆ, ಟ್ರಂಕು, ಫ್ಯಾನು ಏರಿಸಿದರು. ಡ್ರೈವರು ಔಷಧಿ ತರುವ ನೆವದಲ್ಲಿ ನಡೆದು ಹೋಗಿದ್ದರು. ಮಗಳು ಅಡುಗೆಮನೆಯ ಬಾಗಿಲಿಗೆ ಬಂದಳು.

"ಅಮ್ಮ, ನೀನೂ ಹಾಗೇ ಅಂದ್ಕೊಂಡಿದ್ಯಾ? ಇವರೇ ಕೆಡಿಸಿದ್ದು ಅಂತ?"

"ಗಾಡಿ ವಿಷಯ ನನಗೇನು ಗೊತ್ತು."

ಅಳಿಯ ಹಿಂದೆಯೇ ನಿಂತಿದ್ದ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ದಾರಿ ಕೇಳುವವನ ಹಾಗೆ ಕೇಳಿದ: "ಅವತ್ತು ಚಹಾ ಕುಡಿಸಿದ್ದು ನೀವೇ ಅಲ್ವಾ ಅತ್ತೆ?"

ಆಕೆ ಒಲೆಯ ಕಡೆ ತಿರುಗಿದಳು. ಹಾಲು ಇನ್ನೂ ಉಕ್ಕುವ ಸ್ಥಿತಿಯಲ್ಲಿರಲಿಲ್ಲ, ಆದರೂ ಉರಿ ಸಣ್ಣಗೆ ಮಾಡಿದಳು. ಗಾಡಿ ಹೊರಟ ಸದ್ದು ಕೇಳಿತು. ಮುಂದಿನ ಕೋಣೆಯಲ್ಲಿ ಫ್ಯಾನು ಇದ್ದ ಜಾಗದಲ್ಲಿ ಒಂದು ಕೊಕ್ಕೆ ಉಳಿಯಿತು.

ಮಗ ಇನ್ನೊಂದು ಡಿಸ್ಕು ತರಿಸಿ, ಈ ಸಲ ಒಬ್ಬನೇ ಗೇರ್‌ಬಾಕ್ಸು ಇಳಿಸಿದ. ಎರಡು ದಿನ ತೆಗೆದುಕೊಂಡ. ಒಳಗಿನದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಗ್ರೀಸಿನ ಕಲೆ ಎಲ್ಲೂ ಇರಲಿಲ್ಲ. ಲೈನಿಂಗಿನ ಒಂದು ಪಟ್ಟಿ ಸುಟ್ಟು ಹೊಳೆಯುತ್ತಿತ್ತು, ಉಳಿದದ್ದು ಅಂಗಡಿಯಿಂದ ತಂದಾಗ ಇದ್ದ ಹಾಗೇ ಇತ್ತು. ಫ್ಲೈವೀಲಿನ ಮೇಲೆ ಅಲ್ಲಲ್ಲಿ ಬೆಂಕಿ ತಿಂದ ನೀಲಿ ಮಚ್ಚೆಗಳು. ಮಚ್ಚೆಗಳ ನಡುವೆ, ಕಾರ್ಖಾನೆಯಲ್ಲಿ ಉಜ್ಜಿಸಿದ ಗೆರೆಗಳು ಬಾಚಿದ ಕೂದಲಿನಂತೆ ಸಾಲು ಕದಲದೆ ನಿಂತಿದ್ದವು.

"ಅಪ್ಪಾ, ಇಲ್ಲಿ ನೋಡು. ಐನೂರು ಓಡಿದ ಮೇಲೂ ಗೆರೆ ಹೋಗಿಲ್ಲ."

ಡ್ರೈವರು ಕನ್ನಡಕ ಒರೆಸಿದರು. "ಮಾಲೇ ಸರಿ ಇರ್ಲಿಲ್ಲ ಬಿಡು."

ಹಾಗಾದರೆ ತಪ್ಪು ಭಾವನದಲ್ಲ ಎಂದು ಮಗ ಬಾಯಿಬಿಟ್ಟು ಹೇಳಲಿಲ್ಲ. ಅಮ್ಮ ಒಗೆದ ಬಟ್ಟೆ ಹಿಂಡುತ್ತ ಅವನ ಮುಖ ನೋಡುತ್ತಿದ್ದಳು. ಅವನು ಫ್ಲೈವೀಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮತ್ತೆ ಉಜ್ಜಿಸಲು ಹೊರಟ.

ಭಾನುವಾರ ಬೆಳಗ್ಗೆ ಗಾಳಿ ತೆಗೆಯುವ ಕೆಲಸ ಬಂತು. ತುಳಿಯಲು ಮಗಳಿರಲಿಲ್ಲ.

"ಅಪ್ಪಾ, ಬಾ, ಕೂತ್ಕೊ."

ಡ್ರೈವರು ತಡೆದು ನಿಂತರು. ಆಮೇಲೆ ಹೋಗಿ ಕೂತರು. ಅಮ್ಮ ಬಟ್ಟೆಯ ಬಕೆಟ್ಟು ಕೆಳಗಿಟ್ಟು, ಯಾರೂ ಕರೆಯದಿದ್ದರೂ, ಆಚೆ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತಳು. ಅವರು ಆಕೆಯನ್ನು ನೋಡಿದರು. ಆ ನೋಟದಲ್ಲಿ ಉಪಕಾರ ನೆನೆಯುವುದೂ ಬೇಡುವುದೂ ಎರಡೂ ಇದ್ದವು.

"ತುಳಿ," ಎಂದಿತು ಕೆಳಗಿನ ದನಿ.

ಮೊದಲ ಕೆಲವು ಸಲ ಪೆಡಲು ಮೆತ್ತಗಿತ್ತು. ಪೈಪಿನ ತುಂಬ ಗಾಳಿ. ಅವರ ಕಾಲಿಗೇ ಬಗ್ಗಿತು. "ತುಳಿದೆ." "ಹಿಡ್ಕೊ... ಬಿಡು." ಗಾಳಿ ಹೋದಂತೆ ಸ್ಪ್ರಿಂಗಿನ ಪೂರ್ತಿ ಭಾರ ಪೆಡಲಿಗೆ ಬಂತು. ಅವರ ಕತ್ತಿನ ನರ ಉಬ್ಬಿತು. ಆಕೆ ಅಭ್ಯಾಸದಂತೆ ಬಲಗೈ ಚಾಚಿ ಮೊಣಕಾಲು ಒತ್ತಿದಳು. ಪೆಡಲು ಇಳಿಯಿತು. "ತುಳಿದೆ," ಎಂದರು ಡ್ರೈವರು, ಉಸಿರು ಹಿಡಿದು. ಮತ್ತೆ. ಇನ್ನೊಮ್ಮೆ. ಆಕೆಯ ಅಂಗೈಯಡಿ ಮೊಣಕಾಲಿನ ಸಂದು ಕಲ್ಲು ಕಡಿದಂತೆ ಕಟಕಟ ಎನ್ನುತ್ತಿತ್ತು. ಎದುರಿನ ಗಾಜಿನಾಚೆ ಮುಂದಿನ ಕೋಣೆಯ ಕಿಟಕಿ ಕಾಣುತ್ತಿತ್ತು. ಪರದೆಯನ್ನೂ ಮಗಳು ಒಯ್ದಿದ್ದಳು.

"ತುಳಿ."

ಪೆಡಲು ತಳ ಮುಟ್ಟಿತು. "ತುಳಿದೆ."

ಆಕೆ ಕೈ ತೆಗೆದಳು.

ಕೆಳಗೆ ಪೈಪಿನ ಮೂತಿ ತೆರೆಯುವ ಹೊತ್ತಿಗೆ ಪೆಡಲು ಅವರ ಪಾದವನ್ನು ಎತ್ತಿಕೊಂಡೇ ಮೇಲೆ ಬಂತು. ಪೈಪು ಗೊರಕ್ಕೆಂದು ಗಾಳಿ ಎಳೆದುಕೊಂಡಿತು.

"ಬಿಡು ಅಂದ್ನಾ ನಾನು?"

"ಕಾಲು ಜಾರ್ತು," ಎಂದರು ಡ್ರೈವರು. ಹೆಂಡತಿಯ ಕಡೆ ನೋಡಿದರು. ಆಕೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಇನ್ನೂ ಒದ್ದೆಯಿದ್ದ ಕೈಗಳು.

"ಸರಿ, ತುಳಿ."

ಪೆಡಲು ಅರ್ಧಕ್ಕೆ ಇಳಿದು ನಿಂತಿತು. ಅವರು ಸೀಟಿನ ಬೆನ್ನಿಗೆ ಒರಗಿ ಸೊಂಟ ಕೊಟ್ಟರು, ಎರಡೂ ಕೈ ಮೊಣಕಾಲಿನ ಮೇಲೆ ಊರಿದರು.

"ತುಳಿದ್ಯಾ?"

"ತುಳಿದೆ."

ಪೈಪಿನಲ್ಲಿ ಎಣ್ಣೆ ಬಂದಿಲ್ಲ ಎಂದು ಕೆಳಗಿದ್ದ ಮಗನಿಗೆ ಗೊತ್ತಾಗುತ್ತಿತ್ತು. ಬೆನ್ನಡಿಯ ಹಲಗೆ ಜರುಗಿದ ಸದ್ದಾಯಿತು. ಮಗ ಎದ್ದು ಬಂದು ಬಾಗಿಲ ಬಳಿ ನಿಂತ. ಅಪ್ಪನ ಎರಡು ಕೈ, ನಡುಗುವ ತೊಡೆ, ಅರ್ಧದಲ್ಲೇ ನಿಂತ ಪೆಡಲು, ಎಲ್ಲವನ್ನೂ ನೋಡಿದ.

"ಎಷ್ಟು ದಿನದಿಂದ?"

ಡ್ರೈವರು ಸ್ಟಿಯರಿಂಗ್ ಹಿಡಿದುಕೊಂಡರು. ಉತ್ತರ ಕೊಟ್ಟವಳು ಅಮ್ಮ.

"ಕ್ಲಚ್ಚು ಬರೋ ಮೊದಲಿಂದ. ಊರೊಳಗೆ ಓಡಿಸಿದ್ದು ಒಂದೇ ದಿನ. ಆಮೇಲೆಲ್ಲ ಹೊರಗಿನ ರಸ್ತೆ, ಕ್ಲಚ್ ತುಳಿಯದೆ. ಹೊರಡುವಾಗ ಒಂದು ಸಲ, ಬರುವಾಗ ಒಂದು ಸಲ. ಅದನ್ನೂ ಒತ್ತಿದ್ದು ನಾನು." ಮುಂದಿನ ಕೋಣೆಯ ಕಿಟಕಿಯ ಕಡೆ ನೋಡಿ ಹೇಳಿದಳು: "ನಿನ್ನ ಭಾವನ ಕೈ ಶುದ್ಧ ಇತ್ತು. ನಾನೇ ಚಹಾ ಕುಡಿಸಿದ್ದೆ."

ಮಗ ಕೂಗಾಡಲಿಲ್ಲ. ಕೂಗಾಡಿದ್ದರೆ ಮೂವರಿಗೂ ಸುಲಭವಾಗುತ್ತಿತ್ತು. ಕೈಯ ಎಣ್ಣೆಯನ್ನು ಚಡ್ಡಿಗೆ ಒರೆಸಿಕೊಂಡು ಭಾವನಿಗೆ ಫೋನು ಮಾಡಿದ. ಆ ಕಡೆ ಗಂಟೆ ಬಡಿಯುವುದು ಕಾರಿನೊಳಗಿನವರಿಗೂ ಕೇಳಿತು. ಬಡಿದು ಬಡಿದು ನಿಂತಿತು. ಮತ್ತೊಮ್ಮೆ ಮಾಡಿದ. ಈ ಸಲ ಎರಡು ಗಂಟೆಗೇ ಯಾರೋ ಕತ್ತರಿಸಿದರು. ಅಕ್ಕನಿಗೆ ಮಾಡಿದ. ಅವಳೂ ಎತ್ತಲಿಲ್ಲ.

ಅವನು ಫೋನನ್ನು ಬಾನೆಟ್ಟಿನ ಮೇಲಿಟ್ಟ. ಬಾಗಿಲ ಒಳಗೆ ಕೈ ಹಾಕಿ ಬೀಗದ ಕೈ ಎಳೆದುಕೊಂಡ.

"ಇಳಿಯಪ್ಪಾ. ಅಮ್ಮ, ನೀನು ಈ ಕಡೆ ಬಾ."

ಡ್ರೈವರು ಒಂದು ಕೈಯಲ್ಲಿ ಬಾಗಿಲು ಹಿಡಿದು, ಇನ್ನೊಂದರಲ್ಲಿ ಕಾಲನ್ನೇ ಎತ್ತಿ ಹೊರಗಿಟ್ಟು ಇಳಿದರು. ಮಗ ಆಸರೆಗೆ ಕೈ ಚಾಚಲಿಲ್ಲ. ಅಮ್ಮ ಸುತ್ತು ಹಾಕಿ ಬಂದು, ಸಂಸಾರದ ಇಷ್ಟು ವರ್ಷದಲ್ಲಿ ಮೊದಲ ಸಲ, ಗಂಡನ ಸೀಟಿನಲ್ಲಿ ಕೂತಳು. ಸೀಟು ಇನ್ನೂ ಬಿಸಿಯಾಗಿತ್ತು. ಸ್ಟಿಯರಿಂಗು ಅಂದುಕೊಂಡಷ್ಟು ದೊಡ್ಡದಿರಲಿಲ್ಲ.

"ತುಳಿ," ಎಂದಿತು ಕೆಳಗಿನ ದನಿ.

ಆಕೆ ಮಗಳು ಮಾಡಿದ ಹಾಗೆ ಎರಡೂ ಕಾಲು ಸೇರಿಸಿ ತುಳಿದಳು. ಇಷ್ಟು ಭಾರವಿರುತ್ತದೆ ಎಂದು ಈವರೆಗೆ ತಿಳಿದಿರಲಿಲ್ಲ.

"ತುಳಿದೆ."

"ಹಿಡ್ಕೊ."

ಅಂಗಳದ ಆ ತುದಿಯಲ್ಲಿ ಡ್ರೈವರು ನೀರಿನ ಪೈಪು ಬಿಚ್ಚಿ ಮತ್ತೆ ಸುತ್ತತೊಡಗಿದ್ದರು. ಬಾನೆಟ್ಟಿನ ಮೇಲಿನ ಫೋನು ಸದ್ದು ಮಾಡಲಿಲ್ಲ. ಆಕೆಯ ತೊಡೆ ನಡುಗಲು ಶುರುವಾಯಿತು. ಕೆಳಗಿನಿಂದ ಬಿಡು ಎಂಬ ಮಾತು ಇನ್ನೂ ಬಂದಿರಲಿಲ್ಲ. ಆಕೆ ಹಿಡಿದೇ ಇದ್ದಳು.